ಹೆಣೆದದ್ದು ನಾನು, ಬಿಚ್ಚಿದ್ದು ಅವನು

ಯಜಮಾನರ ಸ್ವೆಟರಿನ ಬೆನ್ನು ಹದಿನಾಲ್ಕು ಅಂಗುಲಕ್ಕೆ ಬಂದಿತ್ತು. ಬೂದು ಬಣ್ಣ, ತೊಂಬತ್ತೆರಡು ಕುಣಿಕೆ, ನಡುವೆ ಜಡೆ ಹೆಣೆದಂಥ ಎರಡು ಪಟ್ಟಿ. ಜುಲೈ ಮಳೆಯಲ್ಲಿ ಶುರು ಮಾಡಿದ್ದು ನವೆಂಬರಿಗೆ ಅಲ್ಲಿಗೆ ಮುಟ್ಟಿತ್ತು. ಹಾಲು ಉಕ್ಕಿದ ವಾಸನೆ ಬಂತೆಂದು ಒಳಗೆ ಓಡಿದೆ. ಒಲೆ ಆರಿಸಿ, ಕಟ್ಟೆ ಒರೆಸಿ ಹಾಲ್‌ಗೆ ಬರುವಷ್ಟರಲ್ಲಿ ಮಗ ಕಡ್ಡಿಯನ್ನು ಎಳೆದು ಪಕ್ಕಕ್ಕಿಟ್ಟಿದ್ದ. ದಾರದ ತುದಿ ಅವನ ಕೈಯಲ್ಲಿತ್ತು.

ಒಂದೊಂದೇ ಕುಣಿಕೆ ಟುಕ್ ಟುಕ್ ಎಂದು ಕಳಚಿಕೊಳ್ಳುತ್ತಿತ್ತು. ಸಾಲು ಮುಗಿದ ಕಡೆ ಒಂದು ಕ್ಷಣ ತಡೆದು, ಮತ್ತೆ ಈ ಕಡೆಯಿಂದ ಟುಕ್ ಟುಕ್. ಬಿಚ್ಚಿದ ದಾರ ಒತ್ತು ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಅವನ ತೊಡೆಯ ಮೇಲೆ ಬೀಳುತ್ತಿತ್ತು. ಕೂಗಲು ಬಾಯಿ ತೆರೆದವಳು ಹಾಗೇ ನಿಂತೆ. ಆರು ವರ್ಷದ ಆ ಹುಡುಗ ಅಲ್ಲಿಯವರೆಗೆ ಒಂದು ಕಡೆ ಐದು ನಿಮಿಷ ಕೂತದ್ದನ್ನು ನಾನು ಕಂಡಿರಲಿಲ್ಲ. ಈಗ ಇಪ್ಪತ್ತೈದು ನಿಮಿಷ ಕೂತ. ಗಂಟಲಲ್ಲೇ ಏನೋ ಗುನುಗುತ್ತಿದ್ದ. ಕೊನೆಯ ಕುಣಿಕೆ ಬಿಚ್ಚಿದ ಮೇಲೆ ನನ್ನ ಕಡೆ ನೋಡಿ ನಕ್ಕ.

ನಾನು ಬಚ್ಚಲುಮನೆಗೆ ಹೋಗಿ ಅತ್ತೆ. ಮಗನ ನಗು ನೋಡಿ ಬಂದ ಆನಂದಬಾಷ್ಪ ಅದು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಸುಳ್ಳು. ಅತ್ತದ್ದು ಸ್ವೆಟರಿಗೇ. ಅಷ್ಟನ್ನು ಒಪ್ಪಿಕೊಳ್ಳಲು ನನಗೆ ಮೂರು ವರ್ಷ ಬೇಕಾಯಿತು.

ಹೆಣಿಗೆ ನನಗೆ ಬಂದದ್ದು ಸಕಲೇಶಪುರದ ಅಜ್ಜಿಯಿಂದ. ಮಲೆನಾಡಿನ ಜಡಿಮಳೆಯಲ್ಲಿ ಹೆಂಗಸರಿಗೆ ಇನ್ನೇನು ಕೆಲಸ ಎಂದು ಗಂಡಸರು ಹೇಳುತ್ತಿದ್ದ ಕಾಲ ಅದು. ಅಜ್ಜಿಯ ಕಡ್ಡಿಗಳು ಅಂಗಡಿಯವಲ್ಲ, ಹಳೆಯ ಸೈಕಲ್ ಚಕ್ರದಿಂದ ಕಿತ್ತು ತುದಿ ಉಜ್ಜಿದ್ದು. ಅದರಲ್ಲೇ ಕುಲಾವಿ, ಮಫ್ಲರ್, ಮೊಮ್ಮಕ್ಕಳ ಕಾಲುಚೀಲ. ನನಗೆ ಕಲಿಸಿದ್ದು ಎರಡೇ ಮಾತಿನಲ್ಲಿ: ‘ಒಂದು ಸೀದಾ, ಒಂದು ಉಲ್ಟಾ. ಉಳಿದದ್ದೆಲ್ಲ ಇದರಲ್ಲೇ ಇದೆ ಮಗಾ.’

ಮಗನಿಗೆ ಮೂರು ತುಂಬುವ ಹೊತ್ತಿಗೆ ಆಟಿಸಂ ಎಂದು ತಿಳಿಯಿತು. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ಊರಿನವರು ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದೇ ಕರೆಯುವುದು. ಹುಣಸೂರು, ಕೊಳ್ಳೇಗಾಲದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದ ತಾಯಂದಿರು ಅಲ್ಲಿ ಕಾಯುತ್ತಾ ಕೂತಿರುತ್ತಾರೆ. ಆಟಿಸಂ ಇರುವ ಮಗುವಿನ ತಾಯಿಗೆ ಪುರುಸೊತ್ತು ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಪುರುಸೊತ್ತು ಇದೆ, ಆದರೆ ಅದು ಕಾಯುವ ರೂಪದಲ್ಲಿದೆ. ಬಾಗಿಲಾಚೆ ನಲವತ್ತೈದು ನಿಮಿಷ ಥೆರಪಿ, ಬಾಗಿಲೀಚೆ ನಲವತ್ತೈದು ನಿಮಿಷ ನಾವು. ಅಂಗವೈಕಲ್ಯದ ಸರ್ಟಿಫಿಕೇಟಿನ ಸಾಲಿನಲ್ಲಿ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿನ ಸಾಲಿನಲ್ಲಿ, ಶಾಲೆಯ ಪ್ರಿನ್ಸಿಪಾಲರ ಕೋಣೆಯ ಹೊರಗೆ. ನನ್ನ ಲೆಕ್ಕದಲ್ಲಿ ಒಂದು ಸರ್ಟಿಫಿಕೇಟ್ ಎಂದರೆ ಒಂದು ಮಫ್ಲರ್.

ಆದರೆ ಮನೆಯೊಳಗಿನ ಹೊತ್ತು ಬೇರೆ. ಅದು ನಾಲ್ಕು ನಿಮಿಷ, ಏಳು ನಿಮಿಷ ಎಂದು ಚೂರುಚೂರಾಗಿ ಸಿಗುತ್ತದೆ. ಯಾವಾಗ ಮುಗಿಯುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ಮಿಕ್ಸಿ ಸದ್ದಿಗೆ ಮಗ ಕಿವಿ ಮುಚ್ಚಿ ಕಿರುಚಿದ ಎಂದರೆ ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು ಏಳಬೇಕು. ಇಪ್ಪತ್ತನಾಲ್ಕು ಸಾಲಿಗೊಮ್ಮೆ ಮರುಕಳಿಸುವ ಜಾಲರಿ ವಿನ್ಯಾಸವನ್ನು ಇಂಥ ಬದುಕಿನಲ್ಲಿ ಹಾಕಹೊರಟರೆ ಹದಿಮೂರನೆಯ ಸಾಲೋ ಹದಿನೈದನೆಯದೋ ಎಂದು ಲೆಕ್ಕ ತಪ್ಪಿ ತಲೆ ಕೆಡುತ್ತದೆ. ಎರಡು ಸಲ ಕೆಟ್ಟ ಮೇಲೆ ಬುದ್ಧಿ ಬಂತು. ಮನೆಗೆ ಬರೀ ಸೀದಾ ಹೆಣಿಗೆ, ಕಣ್ಣು ಮಗನ ಮೇಲೆ, ಬೆರಳು ದಾರದ ಮೇಲೆ. ವಿನ್ಯಾಸಗಳೆಲ್ಲ ಕಾಯುವ ಬೆಂಚಿಗೆ.

ಕ್ರೋಶಾ ಹಿಡಿದದ್ದೂ ಇದೇ ಕಾರಣಕ್ಕೆ. ಕಡ್ಡಿಯ ಹೆಣಿಗೆಯಲ್ಲಿ ತೊಂಬತ್ತು ಕುಣಿಕೆಗಳು ಏಕಕಾಲಕ್ಕೆ ಕಡ್ಡಿಯ ಮೇಲೆ ಜೀವ ಹಿಡಿದು ಕೂತಿರುತ್ತವೆ, ಕಡ್ಡಿ ಜಾರಿದರೆ ತೊಂಬತ್ತೂ ಅಪಾಯದಲ್ಲಿ. ಕ್ರೋಶಾದಲ್ಲಿ ಕೊಕ್ಕೆಯ ಮೇಲೆ ಇರುವುದು ಬಹುಮಟ್ಟಿಗೆ ಒಂದೇ ಕುಣಿಕೆ. ಅದನ್ನು ಒಂದಿಷ್ಟು ಉದ್ದ ಎಳೆದು ಬಿಟ್ಟು ಓಡಬಹುದು, ಅರ್ಧ ಗಂಟೆ ಬಿಟ್ಟು ಬಂದರೂ ಅದು ಅಲ್ಲೇ ಕಾದಿರುತ್ತದೆ. ಅಂಗೈಯಗಲದ ಚೌಕ ಒಂದು ಸಲ ಕೂತರೆ ಒಂದು ಮುಗಿಯುತ್ತದೆ, ಮುಂದೆ ಎಲ್ಲ ಸೇರಿಸಿ ಹೊದಿಕೆ. 2016ರ ಜನವರಿಯಲ್ಲಿ ಚೆನ್ನೈಯಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಹೆಂಗಸರ ಗುಂಪು 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಹಾಸಿ ಗಿನ್ನಿಸ್ ದಾಖಲೆ ಮಾಡಿತಲ್ಲ, ಅದೂ ಅವರವರ ಮನೆಯಲ್ಲಿ ಹೆಣೆದ ತುಂಡುಗಳನ್ನು ಜೋಡಿಸಿದ್ದೇ. ಪತ್ರಿಕೆಗಳು ವಿಸ್ತೀರ್ಣ ಬರೆದವು. ನನಗೆ ಕಂಡದ್ದು ಎಷ್ಟು ಅಡುಗೆಮನೆಗಳ ಎಷ್ಟು ಹರಿದ ಮಧ್ಯಾಹ್ನಗಳು ಅಲ್ಲಿ ಹಾಸಿಕೊಂಡಿದ್ದವು ಎಂಬುದು.

ಅತ್ತೆಗೆ ಇದ್ಯಾವುದೂ ಹಿಡಿಸಲಿಲ್ಲ. ‘ಮಗೂನ ಈ ಸ್ಥಿತೀಲಿ ಇಟ್ಕೊಂಡು ಅದ್ಹೇಗಮ್ಮ ಕಡ್ಡಿ ಆಡಿಸೋಕೆ ಮನಸ್ಸು ಬರತ್ತೆ ನಿಂಗೆ?’ ಎಂದು ಒಮ್ಮೆ ಕೇಳಿದರು. ಅವರು ಕೆಟ್ಟವರಲ್ಲ. ಮೊಮ್ಮಗನಿಗಾಗಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರು. ಆದರೆ ಆ ಪ್ರಶ್ನೆಗೆ ಅವರಿಗಿಂತ ಹೆಚ್ಚು ವಯಸ್ಸಾಗಿದೆ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದಾಗ, ತಂದೆತಾಯಿಗಳಲ್ಲಿ ಅಕ್ಕರೆ ಕಡಿಮೆ ಎಂಬ ಮಾತನ್ನೂ ಸೇರಿಸಿದ್ದ. ಅದು ಬೆಳೆದು ಬೆಳೆದು, ತಾಯಿ ಫ್ರಿಜ್‌ನಂತೆ ತಣ್ಣಗಿದ್ದದ್ದಕ್ಕೇ ಮಗು ಹೀಗಾಯಿತು ಎಂಬ ಸಿದ್ಧಾಂತವಾಯಿತು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಅದನ್ನೇ ಹಿಡಿದು ಪುಸ್ತಕ ಬರೆದ. ಅದಕ್ಕೂ ಮೂರು ವರ್ಷ ಮೊದಲೇ, ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞನೂ ಆದ ಬರ್ನಾರ್ಡ್ ರಿಮ್‌ಲ್ಯಾಂಡ್, ಇದು ಮೆದುಳಿನ ಬೆಳವಣಿಗೆಯ ವಿಷಯ, ತಾಯಿಯ ತಪ್ಪಲ್ಲ ಎಂದು ವಾದಿಸಿದ್ದ. ವಿಜ್ಞಾನ ಅವನ ಕಡೆಗೇ ಬಂತು. ಬೀದಿ ಇನ್ನೂ ಬಂದಿಲ್ಲ. ಅಲ್ಲಿ ಫ್ರಿಜ್ ಹೋಗಿ ಮೊಬೈಲ್ ಬಂದಿದೆ: ‘ಅವನು ಚಿಕ್ಕವನಿದ್ದಾಗ ಮೊಬೈಲ್ ಕೊಟ್ಟೆ ನೋಡು, ಅದಕ್ಕೇ.’ ಕಡ್ಡಿ ಹಿಡಿದು ಕೂತ ತಾಯಿ ಆ ಕಣ್ಣಿಗೆ ಪುರಾವೆಯ ಹಾಗೆ ಕಾಣುತ್ತಾಳೆ. ಕೆಲವು ವರ್ಷ ನಾನು ಉಲ್ಲನ್ ಚೀಲವನ್ನು ತರಕಾರಿ ಚೀಲದೊಳಗೆ ಬಚ್ಚಿಟ್ಟು ಓಡಾಡಿದ್ದೂ ಉಂಟು.

ಇನ್ನೊಂದು ಜಾತಿಯ ಜನ ಇದ್ದಾರೆ, ಅವರು ಮೆಚ್ಚುವವರು. ‘ಮಗನಿಗೂ ಕಲಿಸಿ ಮೇಡಂ, ಒಳ್ಳೇ ಥೆರಪಿ!’ ನಮ್ಮ ಮನೆಯಲ್ಲಿ ಚಪಾತಿ ಹಿಟ್ಟು ಥೆರಪಿ, ರಾಗಿ ಡಬ್ಬ ಥೆರಪಿ, ಉಯ್ಯಾಲೆ ಥೆರಪಿ. ಬಟ್ಟೆ ಹಿಂಡುವುದಕ್ಕೂ ಒಂದು ಗುರಿ ಬರೆದಿಟ್ಟ ನೋಟ್‌ಬುಕ್ ಇದೆ. ಹೆಣಿಗೆಯೊಂದನ್ನಾದರೂ ಗುರಿಯಿಲ್ಲದೆ ಉಳಿಸಿಕೊಳ್ಳಬೇಕೆನ್ನುವುದು ನನ್ನ ಹಟ. ಬ್ರಿಟನ್ನಿನಿಂದ 2013ರಲ್ಲಿ ಬಂದ ಒಂದು ಸಮೀಕ್ಷೆಯಲ್ಲಿ 31 ದೇಶಗಳ 3,545 ಮಂದಿ ಹೆಣಿಗೆಗಾರರು, ಹೆಣೆದಷ್ಟೂ ಮನಸ್ಸು ತಿಳಿಯಾಗುತ್ತದೆ ಎಂಬರ್ಥದ ಉತ್ತರ ಕೊಟ್ಟಿದ್ದಾರೆ. ಹೆಣೆಯುವವರನ್ನೇ ಕೇಳಿದರೆ ಇನ್ನೇನು ಹೇಳಿಯಾರು ಎಂದು ನಕ್ಕೆ. ಆದರೂ ಸುಳ್ಳೆನ್ನಲಾರೆ. ಒಂದೇ ಚಲನೆ ಮತ್ತೆ ಮತ್ತೆ, ಒಂದೇ ಲಯ, ಮುಂದೇನು ಎಂಬುದು ಮೊದಲೇ ಗೊತ್ತಿರುವ ನೆಮ್ಮದಿ.

ಇಷ್ಟು ಬರೆಯುವಾಗ ಎದುರಿಗೆ ಮಗ ಸ್ಟೀಲ್ ಮುಚ್ಚಳವನ್ನು ನೆಲದ ಮೇಲೆ ಗಿರಗಿರ ತಿರುಗಿಸುತ್ತಿದ್ದಾನೆ. ನಿಂತಿತೋ, ಮತ್ತೆ ತಿರುಗಿಸುತ್ತಾನೆ. ಒಂದೇ ಚಲನೆ, ಒಂದೇ ಲಯ. ನಾನು ಮಾಡಿದರೆ ಹವ್ಯಾಸ. ಅವನು ಮಾಡಿದರೆ ರಿಪೋರ್ಟಿನಲ್ಲಿ ‘ಪುನರಾವರ್ತಿತ ವರ್ತನೆ’. ನನ್ನದರ ಕೊನೆಗೆ ಒಂದು ಟೊಪ್ಪಿ ಉಳಿಯುತ್ತದೆ, ಅವನದರ ಕೊನೆಗೆ ಏನೂ ಉಳಿಯುವುದಿಲ್ಲ, ಅಷ್ಟೇ ವ್ಯತ್ಯಾಸ. ಇದು ಹೊಳೆದ ಮೇಲೆ ಮುಚ್ಚಳ ಕಿತ್ತುಕೊಳ್ಳುವುದನ್ನು ಬಿಟ್ಟೆ.

ಇಷ್ಟಾಗಿಯೂ ನಾನು ಹೆಣೆದ ಯಾವುದನ್ನೂ ಅವನು ಹಾಕಿಕೊಳ್ಳುವುದಿಲ್ಲ ಎಂದರೆ ನಗುತ್ತೀರಿ. ಮೊದಲ ಸ್ವೆಟರ್ ಅವನ ತಲೆಯಲ್ಲಿ ತೂರಿದ ದಿನ ಮೈಗೆ ಬೆಂಕಿ ಬಿದ್ದವನಂತೆ ಕಿತ್ತೆಸೆದ. ಉಣ್ಣೆಯ ಎಳೆ ಸುಮಾರು 30 ಮೈಕ್ರಾನಿಗಿಂತ ದಪ್ಪವಿದ್ದರೆ ಅದರ ತುದಿ ಯಾರ ಚರ್ಮಕ್ಕೂ ಚುಚ್ಚುತ್ತದೆ. ನಮಗೆ ತುರಿಕೆ ಎನಿಸಿದ್ದು ಇಂಥ ಮಕ್ಕಳಲ್ಲಿ ಅನೇಕರಿಗೆ ನೋವೇ. ಉಲ್ಲನ್ ಎಂದು ನಾವು ಕೊಳ್ಳುವುದು ಬಹುಪಾಲು ಅಕ್ರಿಲಿಕ್, ಅದು ಚುಚ್ಚದಿದ್ದರೂ ಬೆವರು ಹಿಡಿಯುತ್ತದೆ. ಹತ್ತಿ ದಾರಕ್ಕೆ ಬಂದೆ. ಪಕ್ಕದ ಹೊಲಿಗೆ ಒತ್ತುತ್ತದೆ ಎಂದು ಹೊಲಿಗೆಯೇ ಇಲ್ಲದ ಹಾಗೆ ಸುತ್ತಲೂ ಹೆಣೆದೆ. ಕುತ್ತಿಗೆ ಅಗಲ ಬಿಟ್ಟೆ. ಬಾಯಿಗೆ ಹಾಕುವ ಅಭ್ಯಾಸವಿದ್ದದ್ದರಿಂದ ಗುಂಡಿಯಿಲ್ಲ, ಕುಚ್ಚಿಲ್ಲ. ನಾಲ್ಕು ಸಲ ಒಗೆದು ಮೆತ್ತಗೆ ಮಾಡಿದೆ. ಹನ್ನೊಂದು ನಿಮಿಷ ಹಾಕಿಕೊಂಡಿದ್ದ.

ಅವನಿಗೆ ಬೇಕಾದದ್ದು ಮೃದುತ್ವವಲ್ಲ, ಭಾರ ಎಂದು ತಿಳಿದದ್ದು ಅಜ್ಜಿಯ ಮನೆಯಲ್ಲಿ. ಚಳಿಯ ರಾತ್ರಿ ದುಪ್ಪಟಿಯ ಮೇಲೆ ಚಳ್ಳಕೆರೆಯ ಕರಿ ಕಂಬಳಿ ಹೊದಿಸಿದರು. ದಖ್ಖನಿ ಕುರಿಯ ಒರಟು ಉಣ್ಣೆ, ಮಗ್ಗದಲ್ಲಿ ನೇಯ್ದದ್ದು, ಎತ್ತಿದರೆ ಕೈ ಸೋಲುವಂಥದ್ದು. ಮಗ ಬೆಳಗಿನವರೆಗೆ ಏಳಲಿಲ್ಲ. ಆಟಿಸಂ ಇರುವ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಹರೆಯದಲ್ಲೇ, ದನಗಳನ್ನು ಒತ್ತಿ ಹಿಡಿಯುವ ಕಟ್ಟಿನ ಮಾದರಿಯಲ್ಲಿ ತನ್ನ ಮೈ ಒತ್ತಿಕೊಳ್ಳುವ ಯಂತ್ರ ಮಾಡಿಕೊಂಡ ಕಥೆ ಓದಿದ್ದೆ, ಕಣ್ಣಾರೆ ಕಂಡು ಅರ್ಥವಾದದ್ದು ಆ ರಾತ್ರಿ. ಒಂದು ಎಚ್ಚರ: ಭಾರದ ಹೊದಿಕೆಯನ್ನು ಮಗು ತಾನೇ ಸರಿಸಿಕೊಳ್ಳುವಂತಿರಬೇಕು, ತೀರಾ ಪುಟ್ಟ ಮಕ್ಕಳಿಗೆ ಅದು ಕೂಡದು. ಹೆಣಿಗೆಗಾರ್ತಿಯ ಸೋಲು ಕುರುಬರ ಕಂಬಳಿಯ ಮುಂದೆ ಆಗಿದ್ದಕ್ಕೆ ನನಗೆ ಬೇಸರವಿಲ್ಲ.

ಬಿಚ್ಚುವ ಕಥೆಗೆ ಮರಳುತ್ತೇನೆ. ಆ ನವೆಂಬರ್ ಆದ ಮೇಲೆ ಮಗ ದಿನವೂ ಚೀಲ ಹುಡುಕತೊಡಗಿದ. ಗದರಿದೆ, ಬೀರುವಿನ ಮೇಲಿಟ್ಟೆ, ಕುರ್ಚಿ ಹಾಕಿ ಹತ್ತಿದ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ದಪ್ಪ ನೀಲಿ ದಾರದಲ್ಲಿ ಮೂವತ್ತು ಕುಣಿಕೆ, ನಲವತ್ತು ಸಾಲು, ಬರೀ ಸೀದಾ. ಅದು ಅವನಿಗೆ. ಹಗಲು ನಾನು ಹೆಣೆಯುವುದು, ಸಂಜೆ ಅವನು ಬಿಚ್ಚುವುದು. ಅದೇ ದಾರ ಮರುದಿನ ಮತ್ತೆ ಕಡ್ಡಿಗೆ. ಉಳಿದ ಕೆಲಸಗಳಲ್ಲಿ ಹತ್ತು ಸಾಲಿಗೊಮ್ಮೆ ಬೇರೆ ಬಣ್ಣದ ತೆಳು ದಾರವನ್ನು ಎಲ್ಲ ಕುಣಿಕೆಗಳೊಳಗೂ ತೂರಿಸಿ ಬಿಡುತ್ತೇನೆ. ಕೈ ತಪ್ಪಿ ಅವನಿಗೆ ಸಿಕ್ಕರೂ ಬಿಚ್ಚುವುದು ಆ ಸಾಲಿಗೆ ಬಂದು ನಿಲ್ಲುತ್ತದೆ, ಪೂರ್ತಿ ಹೋಗುವುದಿಲ್ಲ. ಬಿಚ್ಚಿದ ದಾರ ಬೆರಳಿಗೋ ಕುತ್ತಿಗೆಗೋ ಸುತ್ತಿಕೊಳ್ಳದ ಹಾಗೆ ಪಕ್ಕದಲ್ಲೇ ಕೂರುತ್ತೇನೆ. ಲೋಹದ ಕಡ್ಡಿ ಹೋಗಿ ಮೊಂಡು ತುದಿಯ ಬಿದಿರಿನದು ಬಂದಿದೆ.

ಒಂದು ಸಂಜೆ ನಾನಿನ್ನೂ ಮೂವತ್ತನೆಯ ಸಾಲಿನಲ್ಲಿದ್ದೆ. ಮಗ ಬಂದು ನನ್ನ ಮೊಣಕೈ ಮುಟ್ಟಿ ‘ಅಮ್ಮ, ಬಿಚ್ಚು’ ಎಂದ. ಅಲ್ಲಿಯವರೆಗೆ ಬೇಕಾದ್ದಕ್ಕೆಲ್ಲ ನನ್ನ ಕೈ ಹಿಡಿದೆಳೆಯುತ್ತಿದ್ದವನು ಬಾಯಿಬಿಟ್ಟು ಕೇಳಿದ ಮೊದಲ ಎರಡು ಪದ ಅವು. ಥೆರಪಿಸ್ಟ್‌ಗೆ ಹೇಳಿ ತಪ್ಪು ಮಾಡಿದೆ. ಆಕೆ ಖುಷಿಯಿಂದ ನೋಟ್‌ಬುಕ್ ತೆಗೆದು ‘ಮುಂದಿನ ವಾರದ ಗುರಿ: ಬಿಚ್ಚು, ಸುತ್ತು, ಕೊಡು’ ಎಂದು ಬರೆದುಬಿಟ್ಟಳು. ಅಲ್ಲಿಗೆ ನನ್ನ ಹಟವೂ ಮುರಿದ ಹಾಗಾಯಿತು. ‘ಸುತ್ತು’ ಇನ್ನೂ ಬಂದಿಲ್ಲ. ನಾನೂ ಒತ್ತಾಯ ಮಾಡಿಲ್ಲ.

ಈಗ ಅವನಿಗೆ ಒಂಬತ್ತು. ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ, ಗೊತ್ತಿಲ್ಲದವರಿಗೆ ಉಪಯೋಗವಾದೀತು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಒಂದು. 1999ರ ಕಾಯ್ದೆಯಿಂದ ಹುಟ್ಟಿದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ, ಥೆರಪಿಯ ಖರ್ಚಿಗೂ ಒಂದು ಪಾಲು ಸಿಗುತ್ತದೆ. ಅರ್ಜಿ ಹಾಕಿ, ಕಾಯುವಾಗ ಏನಾದರೂ ಹೆಣೆಯಿರಿ.

ಯಾವ ಯೋಜನೆಯಲ್ಲೂ ಸಿಗದ್ದು ನನಗೆ ಎದುರು ಮನೆಯ ನಿವೃತ್ತ ಟೀಚರಮ್ಮನಿಂದ ಸಿಕ್ಕಿತು. ಎರಡು ವರ್ಷದಿಂದ ಶನಿವಾರ ನಾಲ್ಕಕ್ಕೆ ಬಂದು ಐದರವರೆಗೆ ಮಗನ ಹತ್ತಿರ ಕೂರುತ್ತಾರೆ. ಪಾಠವಿಲ್ಲ, ಉಪದೇಶವಿಲ್ಲ. ಅವನು ಮುಚ್ಚಳ ತಿರುಗಿಸುತ್ತಾನೆ, ಅವರು ನೋಡುತ್ತಾರೆ. ಒಮ್ಮೊಮ್ಮೆ ಅವರೂ ತಿರುಗಿಸುತ್ತಾರೆ. ಆ ಒಂದು ಗಂಟೆ ನಾನು ಒಳಕೋಣೆಯ ಬಾಗಿಲು ಹಾಕಿಕೊಂಡು ಎಣಿಸಿ ಎಣಿಸಿ ಹೆಣೆಯುತ್ತೇನೆ. ಯಜಮಾನರ ಸ್ವೆಟರಿನ ಬೆನ್ನು ಎರಡನೆಯ ಸಲ ಮುಗಿದದ್ದು ಹಾಗೆ. ಒಂದು ತೋಳು ಬಾಕಿ.

ನಿಮ್ಮ ಬೀದಿಯಲ್ಲೂ ಇಂಥದೊಂದು ಮನೆ ಇದ್ದೀತು. ಉಡುಗೊರೆ, ಸಲಹೆ ಏನೂ ತರಬೇಡಿ. ಶನಿವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ, ಬಾಗಿಲನ್ನು ಮೆಲ್ಲಗೆ ತಟ್ಟಿ. ಬೆಲ್ ಒತ್ತಬೇಡಿ, ಆ ಸದ್ದು ಕೆಲವು ಮಕ್ಕಳಿಗೆ ಆಗುವುದಿಲ್ಲ.