ಸೋಮವಾರದ ಎದೆಬಿಗಿತಕ್ಕೆ ಒಂದು ಲೆಕ್ಕ

ಪೆದ್ದಹರಿವಾಣಂ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಹತ್ತಿ ಬೆಳೆಯದವರು ಕಡಿಮೆ. ಬೆಳೆದ ಹತ್ತಿ ಆದವಾನಿ ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ಜಿನ್ನಿಂಗ್ ಮಿಲ್ಲಿಗೆ. ಹತ್ತಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದ ಕೆಲವರಿಗೆ ಒಂದು ವಿಚಿತ್ರ ತೊಂದರೆ ಕಾಣಿಸುತ್ತದೆ. ಭಾನುವಾರ ರಜೆ, ಆರಾಮ. ಸೋಮವಾರ ಕೆಲಸಕ್ಕೆ ಹೋದರೆ ಎದೆ ಬಿಗಿಯುತ್ತದೆ, ಕೆಮ್ಮು ಬರುತ್ತದೆ. ಮಂಗಳವಾರ, ಬುಧವಾರ ಅಷ್ಟಿಲ್ಲ. ಇದಕ್ಕೆ ವೈದ್ಯರು ಬಿಸಿನೋಸಿಸ್ ಎನ್ನುತ್ತಾರೆ. 1950ರ ದಶಕದಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಲ್ಲಿ ಷಿಲ್ಲಿಂಗ್ ಎಂಬ ವೈದ್ಯರು ಈ ಸೋಮವಾರದ ಬಿಗಿತವನ್ನೇ ಕಾಯಿಲೆಯ ಮೊದಲ ಗುರುತೆಂದು ಹಿಡಿದರು.

ಆದರೆ ಸೋಮವಾರವೇ ಏಕೆ? ಉತ್ತರ ಹುಡುಕಲು ಹಿಸ್ಟಮೀನ್ ಎಂಬ ವಸ್ತುವಿನ ಪರಿಚಯ ಬೇಕು. ಇರುವೆ ಕಚ್ಚಿದಾಗ ಚರ್ಮ ದಪ್ಪಗಾಗಿ ತುರಿಸುತ್ತದಲ್ಲ, ಅದು ಇದರದೇ ಕೆಲಸ. ನಾವು ತಿನ್ನುವ ಬೇಳೆ, ಕಾಳು, ಹಾಲಿನಲ್ಲಿರುವ ಹಿಸ್ಟಿಡೀನ್‌ನಿಂದ ದೇಹವೇ ಇದನ್ನು ತಯಾರಿಸಿ, ಮಾಸ್ಟ್ ಕೋಶಗಳೆಂಬ ಗೋದಾಮುಗಳಲ್ಲಿ ತುಂಬಿಡುತ್ತದೆ. ಎದೆಯೊಳಗಿನ ಗೋದಾಮು ಬಾಗಿಲು ತೆರೆದರೆ ಗಾಳಿಕೊಳವೆಗಳು ಕಿರಿದಾಗುತ್ತವೆ. ಹೊರಬಂದ ಹಿಸ್ಟಮೀನನ್ನು ಮುಖ್ಯವಾಗಿ ಎರಡು ಕಿಣ್ವಗಳು ಒಡೆದು ನಿರುಪದ್ರವಿ ಮಾಡುತ್ತವೆ.

ಈಗ ಲೆಕ್ಕ ನೋಡಿ. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಉಳಿದದ್ದು. ಮನೆಯ ಖರ್ಚಿಗೆ ನೀವು ಹಾಕುವ ಲೆಕ್ಕವೇ. ಇದನ್ನೇ ಕ್ಷಣಕ್ಷಣಕ್ಕೂ ಬರೆಯುತ್ತ ಹೋದರೆ ಅದು ಗಣಿತದ ಮಾದರಿ. ರಕ್ತಕ್ಕೆ ಬಂದ ಹಿಸ್ಟಮೀನ್ ಎರಡು ನಿಮಿಷಕ್ಕೆ ಅರ್ಧವಾಗುತ್ತದೆ ಎಂದಿಟ್ಟುಕೊಳ್ಳಿ. 100 ಇದ್ದದ್ದು 50, ಆಮೇಲೆ 25. ಹತ್ತು ನಿಮಿಷಕ್ಕೆ ಸುಮಾರು 3. ಹಾಗಾದರೆ ತೊಂದರೆ ಗಂಟೆಗಟ್ಟಲೆ ಏಕೆ ಉಳಿಯುತ್ತದೆ? ಧೂಳು ಒಳಗೆ ಹೋಗುತ್ತಲೇ ಇದ್ದರೆ ಹೊಸದು ಬರುತ್ತಲೇ ಇರುತ್ತದೆ.

ಇನ್ನೊಂದು ಮಾತು. ಮಾರುಕಟ್ಟೆಯ ಕಾಟಾ ಹತ್ತು ಗಾಡಿ ಬಂದರೂ ತೂಗುತ್ತದೆ, ನೂರು ಗಾಡಿ ಬಂದರೆ ತನ್ನ ಕೈಲಾದಷ್ಟೇ ತೂಗುತ್ತದೆ; ಉಳಿದವು ಸಾಲಿನಲ್ಲಿ ನಿಲ್ಲುತ್ತವೆ. ಕಿಣ್ವಗಳೂ ಹಾಗೆಯೇ. ಈ ಮಿತಿಯನ್ನು 1913ರಲ್ಲಿ ಮೈಕೇಲಿಸ್ ಮತ್ತು ಮೆಂಟನ್ ಸೂತ್ರವಾಗಿ ಬರೆದರು.

ಸೋಮವಾರಕ್ಕೆ ಬರೋಣ. ಗೋದಾಮು ಖಾಲಿಯಾಗುವುದು ಬೇಗ, ತುಂಬುವುದು ನಿಧಾನ ಎಂದು ಲೆಕ್ಕಕ್ಕೆ ಸೇರಿಸಿ. ರಜೆಯಲ್ಲಿ ತುಂಬಿದ್ದು ಸೋಮವಾರ ಒಮ್ಮೆಲೇ ಸುರಿಯುತ್ತದೆ. ಮಂಗಳವಾರ ಸುರಿಯಲು ಕಡಿಮೆ ಉಳಿದಿರುತ್ತದೆ. ವಿಜ್ಞಾನಿಗಳು ಬಹುಕಾಲ ಹೀಗೆಯೇ ವಿವರಿಸಿದರು.

ಆದರೆ ಲೆಕ್ಕವನ್ನು ತಾಳೆ ನೋಡಬೇಕು. ಎಲ್ಲವೂ ಹಿಸ್ಟಮೀನಿನಿಂದಲೇ ಆಗಿದ್ದರೆ, ಅದನ್ನು ತಡೆಯುವ ಮಾತ್ರೆ ನುಂಗಿದರೆ ಬಿಗಿತ ಹೋಗಬೇಕಿತ್ತು. ಪೂರ್ತಿ ಹೋಗುವುದಿಲ್ಲ. ಹತ್ತಿಗೆ ಅಂಟಿದ ಬ್ಯಾಕ್ಟೀರಿಯಾಗಳ ಎಂಡೋಟಾಕ್ಸಿನ್ ಎಂಬ ವಿಷವೇ ಇದರಲ್ಲಿ ಮುಖ್ಯವೆಂದು ಈಗ ತಿಳಿದವರು ಭಾವಿಸುತ್ತಾರೆ. ಲೆಕ್ಕ ತಪ್ಪಿತೆಂದಲ್ಲ, ಎಲ್ಲಿ ಕೊರತೆ ಇದೆಯೆಂದು ಅದೇ ತೋರಿಸಿಕೊಟ್ಟಿತು.

ಕೇಳುಗರೇ, ನಿಮಗೆ ಉಳಿಯುವ ಮಾತು ಇಷ್ಟು. ಮಾತ್ರೆ ಧೂಳನ್ನು ತಡೆಯುವುದಿಲ್ಲ. ಒಳಗೆ ಬರುವುದನ್ನು ಕಡಿಮೆ ಮಾಡುವುದೇ ಮೊದಲ ಉಪಾಯ: ಗಾಳಿಯಾಡುವ ಜಾಗ, ಧೂಳೆಳೆಯುವ ಯಂತ್ರ, ಮೂಗುಬಾಯಿಗೆ ಸರಿಯಾದ ಮುಖಗವಸು. ಸೋಮವಾರದ ಬಿಗಿತ ವಾರದ ಎಲ್ಲ ದಿನಕ್ಕೂ ಹಬ್ಬುವವರೆಗೆ ಕಾಯಬೇಡಿ. ಆಮೇಲೆ ಶ್ವಾಸಕೋಶ ಮೊದಲಿನಂತೆ ಆಗದೆ ಹೋಗಬಹುದು. ವೈದ್ಯರ ಬಳಿ ಹೋದಾಗ ಕನ್ನಡದಲ್ಲೋ ತೆಲುಗಿನಲ್ಲೋ ಎರಡು ಸಂಗತಿ ತಪ್ಪದೆ ಹೇಳಿ: ಏನು ಕೆಲಸ ಮಾಡುತ್ತೀರಿ, ಯಾವ ವಾರ ಹೆಚ್ಚಾಗುತ್ತದೆ. ಇದು ಉದ್ಯೋಗದಿಂದ ಬರುವ ಕಾಯಿಲೆ ಎಂದು ನಮ್ಮ ದೇಶದ ಕಾನೂನೂ ಒಪ್ಪಿದೆ.