ಮುಚ್ಚಿದ ನಾಲೆಯ ಮೇಲೆ ಎದ್ದ ಪೇಟೆ ಬೀದಿ

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಸೀರೆ, ಸಿಹಿ, ಹೂವು, ಪಾತ್ರೆ ಕೊಳ್ಳುವವರಿಗೆ ತಮ್ಮ ಕಾಲಡಿಯಲ್ಲಿ ಒಂದು ಹಳೆಯ ನಾಲೆ ಇದೆಯೆಂಬುದು ಗೊತ್ತಿರುವುದು ಅಪರೂಪ. ದಿವಾನ್ ಪೂರ್ಣಯ್ಯ ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ತೋಡಿಸಿದ ಕಾಲುವೆ ಅದು. ಉದ್ದೇಶ ಈಡೇರಲಿಲ್ಲ. ಊರ ನಡುವೆ ಉಳಿದ ಆ ಹಳ್ಳ ಮಳೆನೀರಿಗೂ ಕೊಳಚೆಗೂ ದಾರಿಯಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದನ್ನು ಮುಚ್ಚಿ, ಅದರ ಮೇಲೆ ಅಗಲವಾದ ರಸ್ತೆ ಮಾಡಿ, ಎರಡೂ ಬದಿಗೆ ಅಂಗಡಿ ಸಾಲು ಕಟ್ಟಿದರು. ಮೈಸೂರಿನ ವ್ಯಾಪಾರದ ಮುಖ್ಯ ಬೀದಿ ಹುಟ್ಟಿದ್ದು ಹೀಗೆ.

ಈಗ ಈ ಬೀದಿಯ ಎರಡು ಮುಖ್ಯ ಕಟ್ಟಡಗಳಾದ ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡ ಉಳಿಯಬೇಕೇ, ಉರುಳಬೇಕೇ ಎಂಬ ಪ್ರಶ್ನೆ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ನಗರವನ್ನು ಕಾಡಿದೆ. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಬೀದಿಯನ್ನು ಅರಿಯಬೇಕು.

ಅತಿಥಿಗಳ ಹೆಸರು ಹೊತ್ತ ಬೀದಿಗಳು

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಕಚೇರಿಗಳು ಬೆಂಗಳೂರಿಗೆ ಹೋದವು. ಅರ್ಧ ಶತಮಾನ ಮೈಸೂರು ಅರಮನೆ ಇದ್ದ ಊರಾಗಿ ಮಾತ್ರ ಉಳಿಯಿತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ದೊರೆತಾಗ ಊರಿನ ಚಹರೆ ಬದಲಾಗತೊಡಗಿತು. ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಪುರಭವನ ಎದ್ದಿತು. ಅವರ ನಂತರ ಬಂದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರಸ್ತೆ, ನೀರು, ಚರಂಡಿಯ ಕೆಲಸಗಳು ವೇಗ ಪಡೆದವು.

ಆ ಕಾಲದಲ್ಲಿ ಮೈಸೂರಿಗೆ ದೊಡ್ಡ ಅತಿಥಿಗಳು ಬಂದರೆಂದರೆ ಊರಿನಲ್ಲಿ ಒಂದು ಕಟ್ಟಡವೋ ರಸ್ತೆಯೋ ಅವರ ಹೆಸರು ಹೊತ್ತು ನಿಲ್ಲುತ್ತಿತ್ತು. ವೈಸರಾಯ್ ಡಫರಿನ್ 1886ರಲ್ಲಿ ಬಂದ ನೆನಪಿಗೆ ಮಾರುಕಟ್ಟೆಯ ಮುಂದೆ ಗಡಿಯಾರ ಗೋಪುರ ಬಂತು. ಜನ ಅದನ್ನು 'ಚಿಕ್ಕ ಗಡಿಯಾರ' ಎಂದರು. 1892ರಲ್ಲಿ ಲಾರ್ಡ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ ಲ್ಯಾನ್ಸ್‌ಡೌನ್ ಕಟ್ಟಡ ಎದ್ದಿತು. ರಾಜಕುಮಾರ ಆಲ್ಬರ್ಟ್ ವಿಕ್ಟರ್‌ನ ಹೆಸರು ಕೆ.ಆರ್. ವೃತ್ತದಿಂದ ಹೊರಡುವ ಇನ್ನೊಂದು ರಸ್ತೆಗೆ ಬಂತು. ನಾಲೆಯ ಮೇಲಿನ ಹೊಸ ರಸ್ತೆಗೆ ಮಾತ್ರ ಬ್ರಿಟಿಷರ ಬದಲು ಬರೋಡೆಯ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಹೆಸರಿಟ್ಟರು. ಶಿಕ್ಷಣ, ಗ್ರಂಥಾಲಯಗಳಿಗೆ ಹೆಸರಾದ ದೇಶೀ ಅರಸರ ಹೆಸರನ್ನು ಮತ್ತೊಂದು ದೇಶೀ ಸಂಸ್ಥಾನದ ಅಂಗಡಿ ಬೀದಿ ಇಂದಿಗೂ ಹೊತ್ತಿದೆ.

'ದೊಡ್ಡ ಗಡಿಯಾರ' ಬಂದದ್ದು ಬಹಳ ತಡವಾಗಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಹಣ ಕೂಡಿಸಿ ಪುರಭವನದ ಬಳಿ ಕಟ್ಟಿಸಿದ 75 ಅಡಿಯ ಗೋಪುರ ಅದು. ಅದರ ಮುಖದ ಮೇಲಿನ ಅಂಕಿಗಳು ಕನ್ನಡದವು. ಒಂದು ವೈಸರಾಯ್ ನೆನಪಿಗೆ, ಇನ್ನೊಂದು ಅರಸನ ನೆನಪಿಗೆ ನಿಂತವು. ಊರಿನವರ ಬಾಯಲ್ಲಿ ಮಾತ್ರ ಇಬ್ಬರ ಹೆಸರೂ ನಿಲ್ಲದೆ ಚಿಕ್ಕದು, ದೊಡ್ಡದು ಎಂಬುದಷ್ಟೇ ಉಳಿಯಿತು.

ಒಂದೇ ಮುಖದ ಬೀದಿ

ಕನ್ನಡ ನಾಡಿನ ಹಳೆಯ ಪೇಟೆಗಳು ಕಸುಬಿನಂತೆ ಬೆಳೆದವು. ಬೆಂಗಳೂರಿನ ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆಗಳ ಹೆಸರೇ ಅದನ್ನು ಹೇಳುತ್ತದೆ. ಅಲ್ಲಿ ಒಂದೊಂದು ಸರಕಿಗೆ ಒಂದೊಂದು ಓಣಿ. ಅಂಗಡಿಯ ಹಿಂದೆ ಅಥವಾ ಮೇಲೆ ವ್ಯಾಪಾರಿಯ ಮನೆ. ಒಬ್ಬೊಬ್ಬರು ತಮ್ಮ ಶಕ್ತಿಗೆ ತಕ್ಕಂತೆ ಕಟ್ಟಿದ್ದರಿಂದ ಒಂದು ಜಗಲಿ ಎತ್ತರ, ಇನ್ನೊಂದು ತಗ್ಗು. ನಡುವೆ ಎರಡು ಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕು.

ಸಯ್ಯಾಜಿರಾವ್ ರಸ್ತೆಯ ರೀತಿ ಬೇರೆ. ಇಲ್ಲಿ ಸರ್ಕಾರವೇ ನಕ್ಷೆ ಹಾಕಿ, ಅಂಗಡಿಗಳನ್ನು ಸಾಲಾಗಿ ಕಟ್ಟಿ ಬಾಡಿಗೆಗೆ ಕೊಟ್ಟಿತು. ಆ ಸಾಲುಗಳಿಗೆ ಆಗ ಲ್ಯಾನ್ಸ್‌ಡೌನ್ ಬಜಾರ್ ಎಂಬ ಹೆಸರಿತ್ತು. ಒಂದೇ ಎತ್ತರ, ಒಂದೇ ಬಗೆಯ ಕಮಾನು, ಮುಂದೆ ಗಿರಾಕಿ ಬಿಸಿಲು ಮಳೆಗೆ ನಿಲ್ಲಲು ಕೈಸಾಲೆ. ಅಂಗಡಿಯೊಳಗೆ ಮಾರುವ ಸರಕು ಏನೇ ಇರಲಿ, ಬೀದಿಗೆ ಕಾಣುವ ಮುಖ ಒಂದೇ. ಪೇಟೆ ಎಂದರೆ ಕೊಳ್ಳುವ ಜಾಗವಷ್ಟೇ ಅಲ್ಲ, ನೋಡುತ್ತಾ ನಡೆಯುವ ಜಾಗವೂ ಹೌದೆಂಬ ಕಲ್ಪನೆ ಇಲ್ಲಿ ಕಟ್ಟಡದ ರೂಪ ತಾಳಿತು. 1903ರಲ್ಲಿ ರಚನೆಯಾದ ನಗರಾಭಿವೃದ್ಧಿ ಮಂಡಳಿ ಮುಂದೆ ಊರಿಗೆಲ್ಲ ಅನ್ವಯಿಸಿದ ಶಿಸ್ತಿನ ಮೊದಲ ಪಾಠಗಳಲ್ಲಿ ಈ ರಸ್ತೆಯೂ ಒಂದು. 1908ರಲ್ಲಿ ಶಿವನಸಮುದ್ರದ ವಿದ್ಯುತ್ ಮೈಸೂರಿಗೆ ಬಂದ ಮೇಲೆ ಪೇಟೆಗೆ ಸಂಜೆಯ ವ್ಯಾಪಾರವೂ ಸೇರಿತು.

ಇಷ್ಟು ಅಗಲ ಇದ್ದದ್ದರಿಂದಲೇ ಈ ರಸ್ತೆ ದಸರೆಯ ದಾರಿಯೂ ಆಯಿತು. ವಿಜಯದಶಮಿಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಹೊರಟು, ಕೆ.ಆರ್. ವೃತ್ತ ದಾಟಿ, ಇದೇ ರಸ್ತೆಯಲ್ಲಿ ಬನ್ನಿಮಂಟಪದತ್ತ ಸಾಗುತ್ತದೆ. ಹಿಂದೆ ಅಂಬಾರಿಯಲ್ಲಿ ಅರಸರು ಕೂರುತ್ತಿದ್ದರು. ಈಗ ಚಾಮುಂಡೇಶ್ವರಿಯ ಮೂರ್ತಿ. ಅಂಗಡಿಯ ಕಮಾನುಗಳು ಆ ಒಂದು ದಿನ ಜಂಬೂ ಸವಾರಿಯ ಹಿನ್ನೆಲೆಯ ಪರದೆಯಾಗುತ್ತವೆ. ಛಾಯಾಚಿತ್ರಗಳಲ್ಲಿ ಈ ಬೀದಿಯನ್ನು ಕಂಡವರ ಸಂಖ್ಯೆ ಅಲ್ಲಿ ನಡೆದಾಡಿದವರಿಗಿಂತ ಹೆಚ್ಚಿರಬಹುದು.

ಹೊರಗೆ ಷೋಕೇಸು, ಒಳಗೆ ಸಂತೆ

ದೇವರಾಜ ಮಾರುಕಟ್ಟೆಯ ವಿಶೇಷವೆಂದರೆ ಅದು ಎರಡು ಪೇಟೆಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಕಟ್ಟಿದ ಸಮುಚ್ಚಯ. ರಸ್ತೆಗೆ ಮುಖ ಮಾಡಿದ ಸಾಲಿನಲ್ಲಿ ಜವಳಿ, ಸಿಹಿತಿಂಡಿ, ಚಿನ್ನಬೆಳ್ಳಿ, ಔಷಧಿ. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿತೆನ್ನುವ ಮೈಸೂರುಪಾಕನ್ನು ಅವರ ವಂಶದವರು ಮಾರುತ್ತಾ ಬಂದದ್ದೂ ಈ ಸಾಲಿನಲ್ಲೇ. ಬಾಗಿಲ ಕಮಾನು ದಾಟಿ ಒಳಗೆ ಕಾಲಿಟ್ಟರೆ ಲೋಕವೇ ಬೇರೆ. ಉದ್ದಕ್ಕೂ ಓಣಿಗಳು, ಒಂದರಲ್ಲಿ ತರಕಾರಿ, ಒಂದರಲ್ಲಿ ಬಾಳೆಗೊನೆ, ಒಂದರಲ್ಲಿ ಹೂವು, ಇನ್ನೊಂದರಲ್ಲಿ ಗೋಪುರದಂತೆ ಪೇರಿಸಿದ ಕುಂಕುಮ, ಅರಿಸಿನ. ಹಳ್ಳಿಯ ಸಂತೆಗೆ ಸೂರು ಹಾಕಿ, ವಾರದ ಏಳು ದಿನಕ್ಕೂ ಹರಡಿದಂತೆ. ಒಳಹೊರಗೆ ಸೇರಿ 800ಕ್ಕೂ ಹೆಚ್ಚು ಮಳಿಗೆಗಳು.

ಮೈಸೂರಿನ ಹೆಸರು ಹೊತ್ತ ಬೆಳೆಗಳು ಗಿರಾಕಿಯ ಕೈ ಸೇರಿದ್ದು ಹೆಚ್ಚಾಗಿ ಇಲ್ಲಿಂದ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಈ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೆ ಅವುಗಳನ್ನು ಮಾರುವ ಓಣಿಗೆ ಅಂಥ ಮಾನ್ಯತೆಯ ರಕ್ಷೆ ಇಲ್ಲ. ಬೆಳಗ್ಗೆ ರೈತ ತಂದದ್ದು, ಮಧ್ಯಾಹ್ನದೊಳಗೆ ಚಿಲ್ಲರೆ ವ್ಯಾಪಾರಿಯ ಕೈಗೆ ಬಂದು, ಸಂಜೆಗೆ ಮನೆಯ ಅಡುಗೆಗೆ, ದೇವರ ಪಟಕ್ಕೆ ಸೇರುವ ಈ ಸರಪಳಿ ಕಟ್ಟಡದ ಆಕಾರಕ್ಕೆ ಹೊಂದಿಕೊಂಡೇ ಬೆಳೆದಿದೆ. ತಗ್ಗಿನ ಕಟ್ಟೆ, ತೆರೆದ ಮುಂಭಾಗ, ಕೂತಲ್ಲಿಂದಲೇ ಗಿರಾಕಿಯೊಡನೆ ಮಾತು. ಇವನ್ನು ಮಹಡಿಯ ಮೇಲಿನ ಷಟರ್ ಅಂಗಡಿಗೆ ಸಾಗಿಸಿದರೆ ವ್ಯಾಪಾರವೂ ಬದಲಾಗುತ್ತದೆ.

ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಇನ್ನೊಂದು ಬಗೆಯ ಖ್ಯಾತಿ. ಅಲ್ಲಿನ ಹಳೆ ಪುಸ್ತಕದ ಅಂಗಡಿಗಳು ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದವು. ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು, ಪರೀಕ್ಷೆ ಮುಗಿದ ಮೇಲೆ ಅದನ್ನೇ ಮಾರುವುದು ಊರಿನ ರೂಢಿಯಾಗಿತ್ತು.

ಗಾರೆ ಕಟ್ಟಡ ಏಕೆ ಕುಸಿಯುತ್ತದೆ?

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಕಟ್ಟಡ ಖಾಲಿಯಾಯಿತು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲ ಭಾಗ ಬಿತ್ತು. ಹಳೆಯದಾದದ್ದು ಬೀಳುವುದು ಸಹಜ ಎಂದುಬಿಡುವುದು ಸುಲಭ. ಆದರೆ ವಯಸ್ಸೊಂದೇ ಕಾರಣವಲ್ಲ.

ಇವು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕಟ್ಟಡಗಳು. ಈ ಕಾಲದ ಇಂಥ ಕಟ್ಟಡಗಳಲ್ಲಿ ಮೇಲೆ ಮದ್ರಾಸ್ ತಾರಸಿ ಇರುತ್ತದೆ: ಗೋಡೆಯಿಂದ ಗೋಡೆಗೆ ಮರದ ತೊಲೆ, ಅದರ ಮೇಲೆ ಅಂಚಿಗೆ ನಿಲ್ಲಿಸಿ ಜೋಡಿಸಿದ ತೆಳು ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿ ಬಡಿದು ಕೂಡಿಸಿದ ಗಾರೆ. ಗಾರೆ ಉಸಿರಾಡುವ ವಸ್ತು; ಹೀರಿದ ತೇವವನ್ನು ಮತ್ತೆ ಗಾಳಿಗೆ ಬಿಡುತ್ತದೆ. ವರ್ಷಕ್ಕೊಮ್ಮೆ ಬಿರುಕು ಮುಚ್ಚಿ, ತಾರಸಿಯ ನೀರು ಹರಿದುಹೋಗುವಂತೆ ನೋಡಿಕೊಂಡರೆ ಅದು ನೂರಾರು ವರ್ಷ ಬಾಳುತ್ತದೆ. ನೋಡಿಕೊಳ್ಳದಿದ್ದರೆ ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿದ ತೊಲೆಯ ತುದಿ. ಹೊರಗೆ ಕಾಣದ ಕಡೆಯೇ ಕಟ್ಟಡ ಸೋಲುತ್ತದೆ.

ಅದಕ್ಕೆ ಉಳಿದ ಕಾರಣಗಳು ಕೂಡಿಕೊಳ್ಳುತ್ತವೆ. ಬಿರುಕಿನಲ್ಲಿ ಅರಳಿ ಗಿಡ ಮೊಳೆತು ಬೇರು ಬಿಡುತ್ತದೆ. ಗಾರೆಯ ಮೇಲೆ ಮೆತ್ತಿದ ಸಿಮೆಂಟು ತೇವವನ್ನು ಒಳಗೇ ಹಿಡಿದಿಡುತ್ತದೆ. ಅಂಗಡಿ ಸಾಲದೆಂದು ಗೋಡೆ ಕೊರೆದು ಅಟ್ಟ ಹಾಕುತ್ತಾರೆ. ಕಮಾನು ಮರೆಯಾಗುವಂತೆ ಭಾರದ ಫಲಕ ತೂಗುಹಾಕುತ್ತಾರೆ. ಮಾಲೀಕ ಸರ್ಕಾರ ಅಥವಾ ಪಾಲಿಕೆ, ಅನುಭವಿಸುವವ ಬಾಡಿಗೆದಾರ. ಹಳೆಯ ಬಾಡಿಗೆಯ ಹಣದಲ್ಲಿ ದುರಸ್ತಿ ಸಾಗದು ಎಂದು ಒಬ್ಬರು, ತಮ್ಮದಲ್ಲದ ಕಟ್ಟಡಕ್ಕೆ ಏಕೆ ಖರ್ಚು ಮಾಡಬೇಕೆಂದು ಇನ್ನೊಬ್ಬರು. ಇಬ್ಬರ ನಡುವೆ ತಾರಸಿ ಸೋರುತ್ತದೆ.

ದೇಗುಲಕ್ಕೊಂದು ನ್ಯಾಯ, ಅಂಗಡಿಗೊಂದು?

ಅರಸೀಕೆರೆ ಬಳಿಯ ಹಾರನಹಳ್ಳಿಯಲ್ಲಿ ಪೆದ್ದಣ್ಣ ಹೆಗ್ಗಡೆ ಮತ್ತು ಅವನ ಸಹೋದರರು 1230ರ ದಶಕದಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇಗುಲ ಸುಮಾರು ಎಂಟುನೂರು ವರ್ಷವಾದರೂ ನಿಂತಿದೆ. ಅದೇ ಊರಿನ ಸೋಮೇಶ್ವರ ದೇಗುಲವೂ ಇದೆ. ಅವನ್ನು ಬಾಳಿಕೆ ಬರುವ ಕಲ್ಲಿನಲ್ಲಿ ಕಟ್ಟಿರುವುದು ಒಂದು ಕಾರಣ. ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆ ಇರುವುದು ಇನ್ನೊಂದು. ಅಲ್ಲಿ ಒಂದು ಕಂಬ ವಾಲಿದರೆ ಕೆಡವಿ ಹೊಸದು ಕಟ್ಟೋಣ ಎಂದು ಯಾರೂ ಹೇಳುವುದಿಲ್ಲ. ಕಲ್ಲಿಗೆ ಸಂಖ್ಯೆ ಹಾಕಿ, ಬಿಚ್ಚಿ, ಮತ್ತೆ ಜೋಡಿಸುವ ಮಾತಾಡುತ್ತಾರೆ. ಆದರೆ ಆ ದೇಗುಲಗಳ ಸುತ್ತ ಅಂದು ಇದ್ದ ಅಂಗಡಿ ಬೀದಿ, ವರ್ತಕರ ಮನೆ ಯಾವುದೂ ಇಂದು ಕಣ್ಣಿಗೆ ಕಾಣುವುದಿಲ್ಲ. ದೇವರ ಮನೆ ಉಳಿದು ಸೆಟ್ಟಿಯ ಅಂಗಡಿ ಮಣ್ಣಾಗುವುದು ನಮ್ಮ ಚರಿತ್ರೆಯ ರೂಢಿ.

2023ರಲ್ಲಿ ಈ ವ್ಯತ್ಯಾಸ ಎದ್ದು ಕಂಡಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅದೇ ವರ್ಷ ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡವನ್ನು ಕೆಡವುವ ತೀರ್ಮಾನವನ್ನು ಪ್ರಶ್ನಿಸಿದ್ದ ಅರ್ಜಿಯನ್ನು ರಾಜ್ಯದ ಹೈಕೋರ್ಟ್ ತಳ್ಳಿಹಾಕಿತು.

ವಾದಗಳೆರಡರಲ್ಲೂ ತೂಕವಿದೆ. ನಾಲ್ಕು ಜೀವ ಹೋದ ಮೇಲೆ ಜನರ ತಲೆಯ ಮೇಲೆ ಶಿಥಿಲ ತಾರಸಿ ಇಟ್ಟುಕೊಳ್ಳಲಾಗದು, ಕೆಡವಿ ಅದೇ ಶೈಲಿಯಲ್ಲಿ ಹೊಸದಾಗಿ ಕಟ್ಟೋಣ ಎಂಬುದು ಒಂದು. ಬಿದ್ದದ್ದು ಒಂದು ಭಾಗ, ಉಳಿದದ್ದನ್ನು ಗಾರೆ ಕೆಲಸ ಬಲ್ಲವರಿಂದ ಸರಿಪಡಿಸಬಹುದು ಎಂಬುದು ಪಾರಂಪರಿಕ ಕಟ್ಟಡಗಳ ತಜ್ಞರು ಮುಂದಿಟ್ಟ ಇನ್ನೊಂದು. ಅರಮನೆಯ ಪ್ರಮೋದಾದೇವಿ ಒಡೆಯರ್ ಕೂಡ ಕೆಡವುವುದನ್ನು ವಿರೋಧಿಸಿದರು. ಇವೆರಡರ ನಡುವೆ ವ್ಯಾಪಾರಿಯ ಆತಂಕ. ಒಮ್ಮೆ ಮಳಿಗೆ ಬಿಟ್ಟು ಎದ್ದರೆ ಮತ್ತೆ ಅದೇ ಜಾಗ, ಅದೇ ಓಣಿ, ಕೈಗೆಟುಕುವ ಬಾಡಿಗೆ ಸಿಗುವುದೆಂಬ ಖಾತ್ರಿ ಏನು? ಕುಂಕುಮದ ಗೋಪುರ ಪೇರಿಸಿ ಕೂತವರಿಗೆ, ಕಾಗದಪತ್ರಕ್ಕಿಂತ ತಾವು ಕೂತ ಕಟ್ಟೆಯೇ ಹಕ್ಕುಪತ್ರ.

ಒಂದು ಹಳೆಯ ಬೀದಿಯನ್ನು ಉಳಿಸುವುದು ಎಂದರೆ ಕಮಾನು, ಗಡಿಯಾರಗಳನ್ನು ಉಳಿಸುವುದಷ್ಟೇ ಅಲ್ಲ. ತಾರಸಿ ನೋಡಿಕೊಳ್ಳುವ ಹೊಣೆ ಯಾರದು, ಅದರ ಖರ್ಚು ಯಾವ ಲೆಕ್ಕಕ್ಕೆ, ದುರಸ್ತಿಯ ಕಾಲದಲ್ಲಿ ವ್ಯಾಪಾರಿ ಎಲ್ಲಿ ಕೂರಬೇಕು ಎಂಬುದನ್ನು ಮೊದಲೇ ಬರೆದಿಡುವುದು. ಆ ಮೂರು ಸಾಲು ಸಕಾಲದಲ್ಲಿ ಬರೆದಿದ್ದರೆ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಮೈಸೂರಿನಂತೆಯೇ ಹಳೆಯ ಪೇಟೆ ಬೀದಿ ಇರುವ ಪ್ರತಿ ಊರಿಗೂ ಅದನ್ನು ಬರೆಯಲು ಇನ್ನೂ ಹೊತ್ತಿದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಬರೆದರೆ ಒಳ್ಳೆಯದು.