ಸಾವೆಗೆ ಫೋನಿನಲ್ಲೇ ಗಿರಾಕಿ

2022ರ ದೀಪಾವಳಿ ಹೊತ್ತು. ಎರಡು ಎಕರೆಯಲ್ಲಿ ಒಂಬತ್ತು ಕ್ವಿಂಟಲ್ ಸಾವೆ ಬಂತು. ಪೇಟೆಯಲ್ಲಿ ಕ್ವಿಂಟಲ್ಲಿಗೆ 2,600 ರೂಪಾಯಿ ಕೇಳಿದರು. ಅದೇ ವಾರ ಬೆಂಗಳೂರಿನಿಂದ ಅಳಿಯ ಫೋನ್ ಮಾಡಿದ. 'ಮಾವಾ, ಇಲ್ಲಿ ಸಾವಿ ಅಕ್ಕಿ ಕಿಲೋಕ್ಕ 130 ಐತ್ರಿ' ಅಂದ. ಹೊಟ್ಟೆ ಉರೀತು. ಆರು ಕ್ವಿಂಟಲ್ ಮಾರಿ ಮೂರು ಉಳಿಸಿಕೊಂಡೆ.

ಮಗ ನನ್ನ ಫೋನಿಗೆ ವಾಟ್ಸಾಪ್ ಬಿಸಿನೆಸ್ ಹಾಕಿಕೊಟ್ಟ. ಅದಕ್ಕೆ ದುಡ್ಡಿಲ್ಲ. ಚೀಲದ ಫೋಟೋ ಹಾಕಿದೆ. ಒಬ್ಬರೂ ಕೇಳಲಿಲ್ಲ. ನಮ್ಮ ಮನೆಯಾಕೆ ಸಾವೆ ಅನ್ನ ಬಸಿಯದೆ ಮಾಡುವುದನ್ನು - ಒಂದು ಲೋಟಕ್ಕೆ ಎರಡೂವರೆ ಲೋಟ ನೀರು - ವಿಡಿಯೋ ಮಾಡಿ ಹಾಕಿದ ಮೇಲೆ ಫೋನು ಬರತೊಡಗಿತು. ಪೇಟೆಯವರಿಗೆ ಸಾವೆ ಬೇಕು, ಬೇಯಿಸಲು ಬಾರದು ಅಷ್ಟೆ.

ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಒಂದೇ ಸಲ 256 ಜನರಿಗೆ ಸುದ್ದಿ ಕಳಿಸಬಹುದು. ಆದರೆ ನಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ಅದು ತಲುಪುತ್ತದೆ. ಇದು ಗೊತ್ತಾಗದೆ ಎರಡು ತಿಂಗಳು ಗೋಡೆಗೆ ಮಾತಾಡಿದೆ.

ಹುಳ ಕಲಿಸಿದ ಪಾಠ

ಮೂರೂ ಕ್ವಿಂಟಲ್ ಒಮ್ಮೆಲೇ ಅಕ್ಕಿ ಮಾಡಿಸಿದ್ದು ದಡ್ಡತನ. ಯುಗಾದಿ ಹೊತ್ತಿಗೆ ಹುಳ! ಹನ್ನೆರಡು ಜನರಿಗೆ ಹಣ ವಾಪಸ್ ಕಳಿಸಿದೆ. ಆರು ಜನ ಮತ್ತೆ ಬರಲಿಲ್ಲ. ಸಿಪ್ಪೆ ಇರುವ ಸಾವೆ ವರ್ಷಗಟ್ಟಲೆ ಕೆಡದು. ಹಾಗಾಗಿ ಈಗ ತಿಂಗಳ ಮೊದಲ ವಾರ ಬೇಡಿಕೆ ಬರೆದುಕೊಳ್ಳುತ್ತೇನೆ, ಅಷ್ಟನ್ನೇ ಗಿರಣಿಗೆ ಒಯ್ಯುತ್ತೇನೆ.

ಫೇಸ್‌ಬುಕ್‌ನಲ್ಲಿ 1,000 ರೂಪಾಯಿ ಕಟ್ಟಿ ಜಾಹೀರಾತೂ ಹಾಕಿದೆ. ಫೋನು ಬಂದದ್ದೇ ಬಂದದ್ದು, ಕೊಂಡವರು ಮೂರೇ ಜನ. ಆಮೇಲೆ ಹಳೇ ಗಿರಾಕಿಗಳ ಗಂಟಿನಲ್ಲಿ ಅರ್ಧ ಕಿಲೋದ ಪೊಟ್ಟಣ ಹೆಚ್ಚಿಗೆ ಇಟ್ಟು, 'ಪಕ್ಕದ ಮನಿಯವರಿಗೆ ಕೊಡ್ರಿ' ಅಂದೆ. ಇಪ್ಪತ್ತು ಪೊಟ್ಟಣ ಹೋಯಿತು. ಕಿಲೋಕ್ಕೆ 110ರಂತೆ 1,100 ರೂಪಾಯಿ ಮಾಲು. ಒಂಬತ್ತು ಹೊಸ ಮನೆ ಸಿಕ್ಕವು. ಮೊದಲ ವರ್ಷ ಕೊಂಡ 63 ಜನರಲ್ಲಿ ಮತ್ತೆ ಕೊಂಡವರು 22. ನನ್ನ ವ್ಯಾಪಾರ ನಿಂತಿರುವುದು ಈ 22ರ ಮೇಲೆ.

ಐದು ಕಿಲೋ ಗಂಟಿಗೆ ಸಾಗಾಟವೇ ಭಾರ. ಅದಕ್ಕೇ ಒಂದೇ ಕಟ್ಟಡದ ನಾಲ್ಕೈದು ಮನೆಯವರು ಕೂಡಿ 25 ಕಿಲೋ ಹೇಳಿದರೆ ಬಸ್ ಪಾರ್ಸೆಲ್ ಹಾಕುತ್ತೇನೆ. ಬಾಡಿಗೆ ಅವರದೇ.

ಒಂದು ಮೋಸ ಹೇಳಲೇಬೇಕು. ಸೈನ್ಯದವನೆಂದು ಒಬ್ಬ ಫೋನ್ ಮಾಡಿ 50 ಕಿಲೋ ಬೇಕೆಂದ. 'ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರ್ತದೆ' ಅಂದ. ಒತ್ತಿದೆ. 8,500 ರೂಪಾಯಿ ನನ್ನ ಖಾತೆಯಿಂದಲೇ ಹೋಯಿತು. 1930ಕ್ಕೆ ದೂರು ಕೊಟ್ಟದ್ದು ಮರುದಿನ. ತಡವಾಗಿತ್ತು, ಹಣ ಸಿಗಲಿಲ್ಲ. ಹಣ ಪಡೆಯಲು ಪಿನ್ ಒತ್ತುವುದೇ ಬೇಡ, ಕೊಡಲಿಕ್ಕೆ ಮಾತ್ರ. ಎರಡು ದಿನ ಮನೆಯಾಕೆಗೆ ಹೇಳಿರಲಿಲ್ಲ.

ಲೆಕ್ಕ ಹೀಗಿದೆ. ಕ್ವಿಂಟಲ್ ಸಾವೆಗೆ ನನಗೆ 60 ಕಿಲೋ ಅಕ್ಕಿ ಬೀಳುತ್ತದೆ, 6,600 ರೂಪಾಯಿ. ಗಿರಣಿ, ಹಸನು ಮಾಡುವ ಹೆಣ್ಣಾಳು, ಚೀಲ ಸೇರಿ ಖರ್ಚು 1,350. ಉಳಿಯುವುದು 5,250. ನನ್ನ ಮತ್ತು ಮನೆಯಾಕೆಯ ದುಡಿಮೆ, ರಾತ್ರಿ ಹತ್ತಕ್ಕೂ ಬರುವ ಫೋನು ಇದರಲ್ಲಿ ಹಿಡಿದಿಲ್ಲ.

ಈ ಸಲ ಐದು ಕ್ವಿಂಟಲ್ ಇವರಿಗೆಂದೇ ಎತ್ತಿಟ್ಟಿದ್ದೇನೆ. ಉಳಿದದ್ದು ಪೇಟೆಗೇ ಹೋಗುತ್ತದೆ. ಅಷ್ಟು ಗಿರಾಕಿ ನನಗಿನ್ನೂ ಆಗಿಲ್ಲ.